ಮೇಷ್ಟ್ರು ಕಿಟಕಿಯಾಚೆ ಎಸೆದ ಹುಣಸೆ ಬೀಜ

ಇವತ್ತು ಸೊಸೆಯ ಜೊತೆ ಜೆ.ಪಿ. ನಗರದಲ್ಲಿರುವ ಮೊಮ್ಮಗಳ ಶಾಲೆಗೆ ಹೋಗಿದ್ದೆ. ಮೇಜಿನ ಮೇಲೆ ಹುಣಸೆ ಬೀಜದ ರಾಶಿ. "ಕಳೆಯೋ ಲೆಕ್ಕ ಚೆನ್ನಾಗಿ ಕೂರೋವರೆಗೂ ಬೀಜ ಇರ್ಲಿ ಅಜ್ಜಿ. ಆಮೇಲೆ ಅವಳೇ ಬಿಡ್ತಾಳೆ. ಮುಂದಿನ ಪಾಠ ಅವಾಗ್ಲೇ" ಎಂದಳು ಟೀಚರ್. ನಮ್ಮ ಹಳೆ ಮೇಷ್ಟ್ರು ನೆನಪಾಗಿ ನನಗೆ ಮೈಯೆಲ್ಲ ಉರಿಯಿತು.

ಬಿಳೇಕಹಳ್ಳಿ ಶಾಲೆಯಲ್ಲಿ ನಾನೂ ಹೀಗೇ ಕಲಿಯುತ್ತಿದ್ದೆ. ಹತ್ತು ನುಣುಪು ಬೀಜಗಳನ್ನು ಹಳೆ ಸೀರೆಯ ಚಿಂದಿಯಲ್ಲಿ ಗಂಟು ಕಟ್ಟುವುದು. ಕಳೆಯಲು ಬಿಡಿ ಬೀಜ ಸಾಲದಿದ್ದಾಗ ಒಂದು ಗಂಟು ಬಿಚ್ಚುವುದು. ಅವ್ವ ಹೇಳಿಕೊಟ್ಟ ದಾರಿ. ಇನ್ನೇನು ತಲೆಗೆ ಹತ್ತುತ್ತಿತ್ತು. ಅಷ್ಟರಲ್ಲಿ ನಮ್ಮ ಮೇಷ್ಟ್ರು, ನಶ್ಯ ಏರಿಸಿ ಪಂಚೆಗೇ ಬೆರಳು ಒರೆಸುವ ಮನುಷ್ಯ, ಗಂಟುಗಳನ್ನು ಕಿತ್ತುಕೊಂಡು ಕಿಟಕಿಯಾಚೆ ಎಸೆದ.

"ಮೂರನೇ ಕ್ಲಾಸಿಗೆ ಬಂದ್ರೂ ಬೀಜ ಬೇಕೇನೇ? ತಲೇಲಿರೋದು ಬೂಸಾನಾ?"

ಮರುದಿನವೇ ಭಾಗಾಕಾರ ಶುರು. ಕಳೆಯುವುದನ್ನು ಇನ್ನೊಮ್ಮೆ ಹೇಳಿ ಎಂದು ಕೇಳಿದರೆ, "ನಿನ್ನೊಬ್ಬಳಿಗೋಸ್ಕರ ಕ್ಲಾಸ್ ನಿಲ್ಸಲಾ?" ಎಂದ. ಕೊನೆಗೆ ಅಪ್ಪನನ್ನು ಕರೆಸಿ, "ಇವಳಿಗೆ ಲೆಕ್ಕ ಹತ್ತಲ್ಲ ಕಣಪ್ಪಾ, ಹೊಲಕ್ಕೆ ಕರ್ಕೊಂಡ್ಹೋಗು" ಅಂದ. ಅಪ್ಪ ಕೈಮುಗಿದು ಒಪ್ಪಿಕೊಂಡ. ನನ್ನ ಓದು ಅಲ್ಲಿಗೆ ಮುಗಿಯಿತು.

ವಾಪಸ್ ಬರುವಾಗ ಆಟೋದಲ್ಲಿ ಇಷ್ಟನ್ನೂ ಸೊಸೆಗೆ ಹೇಳಿದೆ.

"ಹೋಗ್ಲಿ ಬಿಡಿ ಅತ್ತೆ. ಪಾಪ, ಆ ಕಾಲದೋರಿಗೆ ಬೇರೆ ರೀತಿ ಗೊತ್ತಿರ್ಲಿಲ್ಲ."

"ಗೊತ್ತಿರ್ಲಿಲ್ವಾ? ಶಾಲೆ ಬಿಟ್ಮೇಲೆ ಆವಯ್ಯನ ಮನೆಗೆ ನಾನೇ ಹಾಲು ಹಾಕ್ತಿದ್ದೆ. ಜಗಲಿ ಮೇಲೆ ತನ್ನ ಮಗಳನ್ನ ಪಕ್ಕ ಕೂರಿಸ್ಕೊಂಡು, ಅವರೆಕಾಳು ಹರಡ್ಕೊಂಡು, ಅರ್ಥ ಆಗೋವರೆಗೂ ಅದೇ ಲೆಕ್ಕ ಹೇಳ್ಕೊಡ್ತಿದ್ದ ಕಣೇ. 'ನಿಧಾನ ಪುಟ್ಟಿ, ಅವಸರ ಏನಿದೆ' ಅಂತಿದ್ದ."