ಲೀಸು ಮುಗಿದ ಗಾಡಿ

ನಮ್ಮ ಗಾಡಿಯ ಮುಂದಿನ ಎಡಗಡೆಯ ಸೀಟು ಇವತ್ತಿಗೂ ಹೊಸದರ ಹಾಗೆ ಇದೆ. ಅದರ ಮೇಲೆ ತರಕಾರಿ ಚೀಲ ಕೂತಿದೆ, ಹೂವಿನ ಬುಟ್ಟಿ ಕೂತಿದೆ, ರಿಪೇರಿಗೆ ಹೊರಟ ಮಿಕ್ಸರು ಕೂಡ ಒಮ್ಮೆ ಕೂತಿದೆ. ಮನುಷ್ಯರು ಕೂತದ್ದು ಬಹಳ ಕಡಿಮೆ. ಗಂಡ ಗಾಡಿ ನಡೆಸುತ್ತಿದ್ದರೆ ಹೆಂಡತಿ ಪಕ್ಕದಲ್ಲಿ ಕೂಡುವುದು ಲೋಕರೂಢಿ. ನನ್ನ ಹೆಂಡತಿ ಶಾಂತಾ ಕೂಡುವುದು ಹಿಂದೆ, ಎಡಗಡೆ, ಕಿಟಕಿಗೆ ಒರಗಿ. ನೋಡಿದವರು ನಮ್ಮಿಬ್ಬರ ನಡುವೆ ಮಾತು ನಿಂತಿದೆಯೆಂದು ಊಹಿಸುತ್ತಾರೆ. ಹಾಗೇನೂ ಇಲ್ಲ. ಇದಕ್ಕೆಲ್ಲ ಕಾರಣ ನಮ್ಮ ಕಂಪನಿ.

ಪುಣೆಯ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ನಾನು ಇಡೀ ನೌಕರಿ ಕಳೆದವನು. ಟೈಮ್ ಆಫೀಸು ಅಂದರೆ ಗೇಟಿಗೆ ಅಂಟಿಕೊಂಡ ಕೋಣೆ; ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು, ಎಷ್ಟು ಹೊತ್ತಿಗೆ ಹೊರಗೆ ಹೋದರು ಎಂದು ಕಾರ್ಡಿನ ಮೇಲೆ ಒತ್ತಿಸುವ ಜಾಗ. ಈ ಕೆಲಸಕ್ಕೆ ನಾನು ತಕ್ಕವನೇ ಆಗಿದ್ದೆ. ವಿಜಾಪುರದ ಬೋರ್ಡಿಂಗಿನಲ್ಲಿ ಕಲಿತವನು ನಾನು. ಅಲ್ಲಿ ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ಗಂಟೆ ಹೊಡೆದರೆ ನಿದ್ದೆ ಬಂದಿರಬೇಕು. ಹಸಿವೆಂಬುದು ಹೊಟ್ಟೆಯಲ್ಲಿ ಹುಟ್ಟುತ್ತದೆಂದು ನನಗೆ ತಿಳಿದದ್ದು ತಡವಾಗಿ. ಅದು ಗಂಟೆಯಲ್ಲಿರುತ್ತದೆ ಎಂದೇ ನಂಬಿದ್ದೆ. ಬೋರ್ಡಿಂಗಿನಲ್ಲಿ ಬಿಳಿ ಅಂಗಿ, ಬಿಳಿ ಚಡ್ಡಿ. ಚಡ್ಡಿ ಮುಂದೆ ಪ್ಯಾಂಟಾಯಿತು. ಬಣ್ಣ ಬದಲಿಸುವ ಕಾರಣ ಕಾಣಲಿಲ್ಲ.

ಬಿಬವೇವಾಡಿಯ ನಮ್ಮ ಮನೆಗೆ ಒಂದು ಸ್ಕೂಟರಿತ್ತು. ಬಹಳ ವರ್ಷ ಅದು ನಮ್ಮಿಬ್ಬರನ್ನೂ ಹೊತ್ತಿತು. ಆಮೇಲೆ ಶಾಂತಾಳ ಮೊಣಕಾಲು ಸ್ಕೂಟರಿನ ಜೊತೆ ಮಾತು ಬಿಟ್ಟಿತು. ಹತ್ತಿದರೆ ಇಳಿಯಲಾಗದು, ಇಳಿದರೆ ಮತ್ತೆ ಹತ್ತಲಾಗದು. ಭಜನೆ ನಿಂತಿತು, ಅರಿಶಿಣ ಕುಂಕುಮಕ್ಕೆ ಹೋಗುವುದು ನಿಂತಿತು. ಕಿಟಕಿಯ ಹತ್ತಿರ ಕೂತು ಬೇರೆಯವರು ಹೋಗುವುದನ್ನು ನೋಡುವುದೇ ಅವಳ ಹೊರಸಂಚಾರವಾಯಿತು. ಹೀಗಾಗಿ ನಾಲ್ಕು ಬಾಗಿಲಿನ ವಾಹನ ನಮಗೆ ಬೇಕಾಯಿತು.

ಆ ಕಾಲಕ್ಕೆ ಕಂಪನಿಗಳು ದೊಡ್ಡ ಸಾಹೇಬರಿಗೆ ಗಾಡಿಯನ್ನು ಲೀಸಿನ ಮೇಲೆ ಕೊಡುತ್ತಿದ್ದವು. ಈ ಏರ್ಪಾಟಿನಲ್ಲಿ ಒಂದು ತಮಾಷೆ ಇದೆ. ಗಾಡಿ ಕೊಂಡವರು ಒಬ್ಬರು, ಬಾಡಿಗೆ ಕಟ್ಟುವವರು ಇನ್ನೊಬ್ಬರು, ಕೂಡುವವರು ಮತ್ತೊಬ್ಬರು, ನಡೆಸುವವನು ಮಗದೊಬ್ಬ. ಗಾಡಿ ಯಾರದೆಂದು ಕೇಳಿದರೆ ನಾಲ್ವರೂ ಬೇರೆ ಕಡೆ ನೋಡುತ್ತಾರೆ. ನಮ್ಮ ಕಡೆ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಕೊಡುವುದುಂಟು. ಲಾವಣಿ ಹಿಡಿದವನು ಜೋಳ ಬಿತ್ತುತ್ತಾನೆ, ಮಾವಿನ ಸಸಿ ಹಚ್ಚುವುದಿಲ್ಲ. ಹಣ್ಣು ಬಿಡುವ ಹೊತ್ತಿಗೆ ಹೊಲ ಯಾರ ಕೈಯಲ್ಲಿರುತ್ತದೋ ಯಾರು ಬಲ್ಲರು? ನಾವು ಮೊದಲು ಸದಾಶಿವ ಪೇಠದಲ್ಲಿ ಕೋಣೆಗೊಂದು ಸಂಸಾರವಿದ್ದ ಹಳೆಯ ವಾಡೆಯೊಂದರಲ್ಲಿ ಬಾಡಿಗೆಗಿದ್ದಾಗ ಗೋಡೆಗೆ ಮೊಳೆ ಹೊಡೆಯಲಿಕ್ಕೂ ಹೀಗೇ ಹಿಂಜರಿಯುತ್ತಿದ್ದೆವು. ಲೀಸಿನ ಗಾಡಿಯೂ ಹಾಗೆಯೇ. ಅದಕ್ಕೆ ಪರದೆಯಿಲ್ಲ, ಹಾಡಿನ ಪೆಟ್ಟಿಗೆಯಿಲ್ಲ, ಸೀಟಿಗೆ ಗವಸಿಲ್ಲ. ಯಾರೂ ಅದಕ್ಕೊಂದು ಮುದ್ದಿನ ಹೆಸರು ಇಟ್ಟಿರುವುದಿಲ್ಲ.

ಲೀಸು ಮುಗಿದಾಗ ಗಾಡಿಯನ್ನು ಕೊಳ್ಳುವಿರಾ ಎಂದು ಮೊದಲು ಅದನ್ನು ಬಳಸಿದ ಸಾಹೇಬರನ್ನು ಕೇಳಬೇಕು, ಅವರು ಬೇಡವೆಂದರೆ ಉಳಿದ ನೌಕರರನ್ನು. ಇದು ನಮ್ಮಲ್ಲಿಯ ಪದ್ಧತಿ. ನಾನು ಕಣ್ಣಿಟ್ಟ ಗಾಡಿಯನ್ನು ಬಳಸಿದ್ದ ಫಡಕೆ ಸಾಹೇಬರಿಗೆ ಇನ್ನೂ ದೊಡ್ಡ ಗಾಡಿ ಬಂದಿತ್ತು, ಅವರು ಬೇಡವೆಂದರು. ಕೊಳ್ಳುವವರು ಸಾಲುಗಟ್ಟುತ್ತಾರೆಂದು ನಾನು ಬೇಗನೆ ಹೋದೆ. ನನ್ನ ಹಿಂದೆ ಯಾರೂ ಇರಲಿಲ್ಲ. ಡ್ರೈವರ್ ನಡೆಸಿದ ಗಾಡಿಯ ಒಳಗುಟ್ಟು ಯಾರಿಗೂ ತಿಳಿಯುವುದಿಲ್ಲ, ಮೆಕ್ಯಾನಿಕನನ್ನು ಕರೆತಂದು ಇಂಜಿನ್ ತೋರಿಸು ಎಂದು ಗೆಳೆಯರು ಹೇಳಿದರು. ನನಗೆ ಅಗತ್ಯ ತೋರಲಿಲ್ಲ. ಸಾಹೇಬರ ಗಾಡಿಗಳಲ್ಲೆಲ್ಲ ನನ್ನ ಗೇಟಿನೊಳಗೆ ದಿನವೂ ಹೊತ್ತಿಗೆ ಸರಿಯಾಗಿ ಬರುತ್ತಿದ್ದದ್ದು ಅದೊಂದೇ. ಜನ ಇಂಜಿನ್ ನೋಡಿ ಗಾಡಿ ಕೊಳ್ಳುತ್ತಾರೆ. ನಾನು ಹಾಜರಿ ನೋಡಿ ಕೊಂಡೆ.

ಹಾಜರಿಯಲ್ಲಿ ಕಾಣದ ಸಂಗತಿಗಳು ಮನೆಗೆ ತಂದ ಮೇಲೆ ಕಂಡವು. ಸಾಹೇಬರು ಎತ್ತರದ ಆಳು. ಅವರು ಕಾಲು ಚಾಚಲೆಂದು ಮುಂದಿನ ಎಡಸೀಟನ್ನು ಪೂರ್ತಿ ಮುಂದಕ್ಕೆ ಸರಿಸಿದ್ದರು. ಅದು ಅಲ್ಲೇ ಕಚ್ಚಿಕೊಂಡು ಕೂತಿತ್ತು, ಎಷ್ಟು ಜಗ್ಗಿದರೂ ಹಿಂದೆ ಬರಲೊಲ್ಲದು. ಹಿಂದಿನ ಎಡಸೀಟು ಸಾಹೇಬರ ಆಕಾರಕ್ಕೆ ತಗ್ಗಾಗಿತ್ತು. ಶಾಂತಾ ಮುಂದೆ ಕೂಡಲು ನೋಡಿದಳು, ಮೊಣಕಾಲು ಮಡಚಲಾಗಲಿಲ್ಲ. ಹಿಂದೆ ಹೋಗಿ ಆ ತಗ್ಗಿನಲ್ಲಿ ಕೂತಳು, ಕಾಲು ನೀಡಿದಳು, ಕಣ್ಣು ಮುಚ್ಚಿ ಉಸಿರು ಬಿಟ್ಟಳು.

“ನಾ ಇಲ್ಲೇ ಛಲೋ ಇದ್ದೀನ್ರಿ. ನೀವು ಗಾಡಿ ಬಿಡ್ರಿ.”

ಅರ್ಧ ಆಯುಷ್ಯ ಕಳೆದ ಮೇಲೆ ಡ್ರೈವಿಂಗ್ ಕ್ಲಾಸಿಗೆ ಹೋಗಿ, ನನ್ನ ಮಗನ ವಯಸ್ಸಿನವನಿಂದ ಬೈಸಿಕೊಂಡು ನಾನು ಸ್ಟಿಯರಿಂಗ್ ಹಿಡಿಯಲು ಕಲಿತಿದ್ದೆ. ಗಾಡಿ ಬಿಟ್ಟೆ.

ಆ ವರ್ಷ ಮಳೆಗಾಲಕ್ಕೆ ಮುಂಚೆ ಸುನಂದಾಳ ಮದುವೆ ಬಂತು. ಸುನಂದಾ ವಾಡೆಯಲ್ಲಿ ನಮ್ಮ ಪಕ್ಕದ ಕೋಣೆಯವರ ಮಗಳು. ಅವಳ ತಾಯಿ ಮುಂಜಾನೆ ಕೆಲಸಕ್ಕೆ ಹೋಗುತ್ತಿದ್ದುದರಿಂದ ಶಾಲೆಗೆ ಹೋಗುವಾಗ ಅವಳ ಜಡೆ ಹೆಣೆದವಳು ಶಾಂತಾ. ಮದುವೆ ದೂರದ ವಾಕಡದ ಕಡೆ ಒಂದು ಮಂಗಲ ಕಾರ್ಯಾಲಯದಲ್ಲಿತ್ತು. ಹೊರಡುವಾಗಲೇ ಶಾಂತಾ ಒಂದು ಮಾತು ಹಾಕಿದಳು.

“ಇವತ್ತರೆ ಹುಡುಗೀನ ಒಪ್ಪಿಸಿಕೊಡೂತನಾ ಇರೂಣ್ರಿ. ಪ್ರತಿ ಮದುವ್ಯಾಗೂ ನಾ ಕೈ ತೊಳಕೊಳ್ಳೂದ್ರಾಗ ನೀವು ಬಂದು ನಿಂತಿರ್ತೀರಿ.”

ನನ್ನ ಪದ್ಧತಿ ಅವಳಿಗೆ ಗೊತ್ತಿತ್ತು. ಅಕ್ಷತೆ ಹಾಕಬೇಕು, ಉಣ್ಣಬೇಕು, ಹೊರಡಬೇಕು. ಹೆಂಗಸರ ಪಂಕ್ತಿಯ ತುದಿಗೆ ಹೋಗಿ ನಿಂತು ಮಣಿಕಟ್ಟು ತೋರಿಸಿದರೆ ಅವಳು ಏಳುತ್ತಿದ್ದಳು. ಊಟವಾದ ಮೇಲೆ ಅಲ್ಲಿ ನಮ್ಮ ಕೆಲಸವೇನೆಂದು ಕೇಳಿದೆ.

“ಮನೀಗೆ ಬಂದು ನಿಮಗರೆ ಏನು ಕೆಲಸ ಅದ? ಗಾಡಿ ತಗೊಂಡ್ರೂ ನೀವು ಗೇಟ ಬಿಟ್ಟು ಬರಲಿಲ್ಲ ನೋಡ್ರಿ,” ಅಂದಳು.

ನಾವು ಎಲ್ಲರಿಗಿಂತ ಮೊದಲು ಮುಟ್ಟಿದೆವು. ಇಳಿದು ಹಿಂದಿನ ಬಾಗಿಲು ತೆರೆದು ಶಾಂತಾಳ ಕೈಹಿಡಿದು ಇಳಿಸಿದೆ. ಬಾಗಿಲಲ್ಲಿ ನಿಂತವನು ಅವಳಿಗೆ ಗುಲಾಬಿ ಕೊಟ್ಟು ಒಳಗೆ ಕರೆದ. ನನ್ನ ಬಿಳಿ ಅಂಗಿ ಬಿಳಿ ಪ್ಯಾಂಟು ನೋಡಿ, ಗಾಡಿಯನ್ನು ಹಿಂದಿನ ಬಯಲಿನಲ್ಲಿ ನಿಲ್ಲಿಸಿ, ಡ್ರೈವರುಗಳ ಪಂಕ್ತಿಯೂ ಅಲ್ಲೇ ಇದೆ, ಈಗಲೇ ಕೂಡಿಸುತ್ತಾರೆ ಎಂದು ಮರಾಠಿಯಲ್ಲಿ ಮರ್ಯಾದೆಯಿಂದಲೇ ಹೇಳಿದ.

ನೀವಾಗಿದ್ದರೆ ನಕ್ಕು ತಿದ್ದುತ್ತಿದ್ದಿರಿ. ನನ್ನಿಂದ ಆಗಲಿಲ್ಲ. ಗೇಟಿನಲ್ಲಿ ನಿಂತವನ ಜೊತೆ ವಾದಿಸಬಾರದೆಂದು ಇಡೀ ಕಾರ್ಖಾನೆಗೆ ಹೇಳಿಕೊಟ್ಟವನು ನಾನು. ಇನ್ನೊಂದು ಆಕರ್ಷಣೆಯೂ ಇತ್ತೆಂದು ಮುಚ್ಚಿಡಲಾರೆ. ಒಳಗೆ ಮುಹೂರ್ತವೇ ತಡವಾಗುವ ಲಕ್ಷಣವಿತ್ತು, ಹೊರಗೆ ಹೊತ್ತಿಗೆ ಸರಿಯಾಗಿ ಎಲೆ ಹಾಕುತ್ತಿದ್ದರು. ಗಾಡಿಯನ್ನು ಮೂಲೆಯ ಗೋಡೆಗೆ ಮುಖ ಮಾಡಿ ನೀಟಾಗಿ ಹಚ್ಚಿ, ಮಂಗಲಾಷ್ಟಕವನ್ನು ಧ್ವನಿವರ್ಧಕದಲ್ಲಿ ಕೇಳುತ್ತ ಉಂಡೆ.

ನನ್ನ ಪಕ್ಕದಲ್ಲಿ ಕೂತವನು ಕಲಬುರಗಿ ಕಡೆಯ ಶರಣಪ್ಪ, ಯಾರೋ ಬಿಲ್ಡರರ ಗಾಡಿ ನಡೆಸುವವನು. ಜಿಲೇಬಿ ಬಡಿಸುವಾಗ ನನ್ನ ಬಾಯಿಂದ ಕನ್ನಡ ಬಂದದ್ದೇ ತಡ, ತನ್ನ ಪಾಲಿನ ಜಿಲೇಬಿಯನ್ನೂ ನನಗೆ ಹಾಕಿಸಿದ. ಕೈ ತೊಳೆದು, ವಾಚು ನೋಡಿ, ಶಾಂತಾಳನ್ನು ಕರೆಯಲು ನಾನು ಎದ್ದೆ. ಅವನು ಅಂಗಿಯ ಚುಂಗು ಹಿಡಿದ.

“ಎಲ್ಲಿಗೆ ಹೊಂಟಿ?”

“ಕರೀತೀನಿ. ಹೊತ್ತಾತು.”

“ಹುಚ್ಚ ಅದಿಯೇನು? ಮಾಲಕರನ್ನ ಡ್ರೈವರ್ ಕರಿಬಾರದು. ಅವರಾಗೇ ಬರ್ತಾರ. ಕುಂದ್ರು.”

ಕೂತೆ. ಸ್ವಲ್ಪ ಹೊತ್ತು ಬಿಟ್ಟು ಅವನು ಎಲೆಯಡಿಕೆ ಹಚ್ಚುತ್ತಿದ್ದಾಗ ಮೆಲ್ಲಗೆ ಮತ್ತೆ ಎದ್ದು, ಗಾಡಿಯನ್ನಾದರೂ ಹೊರಗೆ ತರೋಣವೆಂದು ಬಯಲಿಗೆ ಹೋದೆ. ಅಲ್ಲಿ ನೋಡಿದರೆ ನನ್ನ ಹಿಂದೆ ಒಂದು, ಅದರ ಹಿಂದೆ ಒಂದು, ಅಗಸಿ ಬಾಗಿಲಿನವರೆಗೂ ಗಾಡಿಗಳು. ಅನುಭವಿಗಳು ತಡವಾಗಿ ಬಂದು ರಸ್ತೆಗೆ ಮುಖ ಮಾಡಿ ಹಚ್ಚಿದ್ದರು. ಎಲ್ಲರಿಗಿಂತ ಮೊದಲು ಬಂದವನು ಎಲ್ಲರಿಗಿಂತ ಕೊನೆಗೆ ಹೊರಡಬೇಕಾಗಿತ್ತು. ಸ್ಕೂಟರಾಗಿದ್ದರೆ ಸಂದಿಯಲ್ಲಿ ನುಸುಳಿ ಹೋಗುತ್ತಿದ್ದೆ. ಕಂಪನಿಯ ಶಿಸ್ತಿನ ಗಾಡಿ ಗೋಡೆ ನೋಡುತ್ತ ಸುಮ್ಮನೆ ನಿಂತಿತ್ತು.

ಮರಳಿ ಬಂದೆ. ಶರಣಪ್ಪ ಎಲೆಯಡಿಕೆ ಕೊಟ್ಟ. ಬೇವಿನ ನೆರಳಲ್ಲಿ ಚಾಪೆ ಹಾಸಿತ್ತು. ಕಾಯುವುದನ್ನೇ ಕೆಲಸವಾಗಿ ಮಾಡಿಕೊಂಡವರ ಜೊತೆ ನಾನು ಹಿಂದೆ ಕೂತವನಲ್ಲ. ಒಬ್ಬ ಮಲಗಿದ್ದ, ಇನ್ನೊಬ್ಬ ತನ್ನ ಸಾಹೇಬ ಫೋನಿನಲ್ಲಿ ಬೈಯುವುದನ್ನು ಅಭಿನಯಿಸುತ್ತಿದ್ದ. ಯಾರಿಗೂ ಎಲ್ಲಿಗೂ ತಡವಾಗುತ್ತಿರಲಿಲ್ಲ. ನನಗೆ ಅದು ಮೊದಮೊದಲು ತುರಿಕೆಯ ಹಾಗೆ ಆಯಿತು, ಆಮೇಲೆ ನಿದ್ದೆಯ ಹಾಗೆ.

ಎಚ್ಚರವಾದಾಗ ಬಿಸಿಲು ಇಳಿದಿತ್ತು, ಒಳಗೆ ಅಳು ಕೇಳುತ್ತಿತ್ತು. ಹೆಣ್ಣು ಒಪ್ಪಿಸುತ್ತಿದ್ದರು. ವರನ ಗಾಡಿ ಹೊರಟಿತು, ಉಳಿದವು ಒಂದೊಂದಾಗಿ ಬಿಟ್ಟವು. ಕೊನೆಗೆ ನಮ್ಮದನ್ನು ಬಾಗಿಲಿಗೆ ತಂದೆ. ಶಾಂತಾ ಬಂದಳು. ಕಣ್ಣು ಕೆಂಪಾಗಿತ್ತು, ಮುಖ ತಿಳಿಯಾಗಿತ್ತು. ಸೆರಗಿನ ಮೇಲೆಲ್ಲ ಬೇರೆ ಯಾರದೋ ಕುಂಕುಮ. ನಾನು ಬಾಯಿ ತೆರೆಯುವಷ್ಟರಲ್ಲಿ ಶರಣಪ್ಪ ಮುಂದೆ ಬಂದು ಹಿಂದಿನ ಬಾಗಿಲು ತೆರೆದ.

“ಅವ್ವಾರ, ನಿಮ್ಮ ಡ್ರೈವರ್ ಭಾಳ ಅವಸರದವ ಅದಾನ್ರಿ. ನಿಮ್ಮನ್ನ ಕರ್ಯಾಕ ಎದ್ದು ಎದ್ದು ಹೊಂಟಿದ್ದ. ನಾನೇ ಕುಂದರಿಸೀನಿ.”

ಶಾಂತಾ ನನ್ನನ್ನು ನೋಡಿದಳು. ನನ್ನ ಕೆಂಪು ತುಟಿ ನೋಡಿದಳು, ಅಂಗಿಗೆ ಅಂಟಿದ ಚಾಪೆಯ ಕಡ್ಡಿ ನೋಡಿದಳು. ಮಧ್ಯಾಹ್ನವಿಡೀ ಪಂಕ್ತಿಯ ತುದಿಗೆ ನಾನು ಯಾಕೆ ಬಂದು ನಿಲ್ಲಲಿಲ್ಲವೆಂದು ಆಗ ಅವಳಿಗೆ ತಿಳಿದಿರಬೇಕು.

“ಹೌದಪಾ, ಮೊದಲಿಂದನೂ ಹಂಗ ಅದಾನ,” ಅಂದಳು. “ಕೆಲಸ ಛಲೋ ಮಾಡ್ತಾನ ಅಂತ ಇಟ್ಕೊಂಡೀನಿ.”

ಶರಣಪ್ಪ ಬಾಗಿಲು ಹಾಕಿ ನನ್ನ ಬೆನ್ನು ತಟ್ಟಿ ಕಳಿಸಿದ.

ದಾರಿಯಲ್ಲಿ ಅವಳು ಹೇಳಿದಳು. ಹೊರಡುವಾಗ ಸುನಂದಾ ತಾಯಿಯ ಕೊರಳು ಬಿಟ್ಟು ಇವಳ ಕೊರಳಿಗೆ ಬಿದ್ದಳಂತೆ. ಜಡೆ ಬಿಚ್ಚಿತ್ತಂತೆ. ಅಷ್ಟು ಜನರ ನಡುವೆ ನಿಲ್ಲಿಸಿ, ಶಾಲೆಗೆ ಕಳಿಸುವಾಗಿನ ಹಾಗೆ ಹೆಣೆದು ಕಳಿಸಿದಳಂತೆ. ಇಷ್ಟು ಹೇಳಿ, ಕಾಲು ನೀಡಿ, ಕಿಟಕಿಗೆ ಒರಗಿದಳು.

“ಸೀದಾ ಮನೀಗೆ ಬ್ಯಾಡ. ಹೊಳಿ ದಂಡಿ ಹಿಡಕೊಂಡು ಸಾವಕಾಶ ನಡಿ.”

ಶರಣಪ್ಪ ಆಗಲೇ ಬಹಳ ಹಿಂದೆ ಉಳಿದಿದ್ದ, ಇನ್ನು ನಾಟಕದ ಅಗತ್ಯವಿರಲಿಲ್ಲ. ಅದನ್ನು ಅವಳಿಗೆ ನೆನಪಿಸಬಹುದಿತ್ತು. ಆದರೆ ಮಾಲಕರು ತಾವಾಗಿ ಕೇಳದೆ ಡ್ರೈವರ್ ಮಾತಾಡಬಾರದೆಂದು ಅನಿಸಿತು. ಹೊಳೆಯ ಕಡೆಗೆ ತಿರುಗಿಸಿದೆ.