ಮೊದಲ ಕೂಗಿಗೆ ಓ ಅನ್ನಬಾರದು

ನನ್ನನ್ನು ಯಾರಾದರೂ ಒಮ್ಮೆ ಕರೆದರೆ ನಾನು ಓಗೊಡುವುದಿಲ್ಲ. ಎರಡನೆಯ ಸಲ ಕರೆದರೂ ಇಲ್ಲ. ಮೂರನೆಯ ಕೂಗು ಬಿದ್ದ ಮೇಲೆಯೇ ನನ್ನ ಬಾಯಿಂದ "ಓ" ಹೊರಡುವುದು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ, ಪಾಪ, ನನಗೆ ಕಿವಿ ಮಂದ ಎಂದುಕೊಂಡು, ಅದನ್ನು ಮುಚ್ಚಿಟ್ಟು ಮದುವೆ ಮಾಡಿದ್ದಾರೆಂದು ತವರಿಗೆ ಹೋಗಿ ಅತ್ತಿದ್ದಳಂತೆ. ಕಿವಿ ಚೆನ್ನಾಗಿಯೇ ಇದೆ ಎಂದು ಡಾಕ್ಟರು ಹೇಳಿದ ಮೇಲೆ ಇದು ಗಂಡಸಿನ ಕೊಬ್ಬು ಎಂದು ತೀರ್ಮಾನಿಸಿದಳು. ಕೊನೆಗೆ ನಿಜವಾದ ಕಾರಣ ಹೇಳಿದಾಗ "ಕಿವುಡೇ ಆಗಿದ್ರೆ ವಾಸಿಯಿತ್ತು" ಎಂದಳು.

ಕಾರಣ ನಮ್ಮಮ್ಮ. ಮಕ್ಕಳಿಗೆ ಬುದ್ಧಿ ಕಲಿಸಬೇಕಾದರೆ ಯಾವ ತಾಯಿಗೂ ಒಬ್ಬ ಗುಮ್ಮ ಬೇಕೇ ಬೇಕು ತಾನೆ? ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ಬೆಳೆದ ಅಮ್ಮನಿಗೆ ಹುಣಸೆಮರದ ಗುಮ್ಮ, ಹಾಳುಬಾವಿಯ ಗುಮ್ಮ ಎಲ್ಲರ ಪರಿಚಯವೂ ಇತ್ತು. ಆದರೆ ಅಪ್ಪನಿಗೆ ಚಿನ್ನದ ಗಣಿಯಲ್ಲಿ ಕೆಲಸ. ಮದುವೆಯಾಗಿ ಉರಿಗಾಂನ ಲೈನ್ ಮನೆಗೆ ಬಂದು ನೋಡಿದರೆ ಹುಣಸೆಮರವೂ ಇಲ್ಲ, ಬಾವಿಯೂ ಇಲ್ಲ. ಒಂದಕ್ಕೊಂದು ಅಂಟಿಕೊಂಡ ಮನೆಗಳು, ಅವುಗಳ ಹಿಂದೆ ಬೂದುಬಣ್ಣದ ಮಣ್ಣಿನ ದಿಬ್ಬಗಳು. ಗುಮ್ಮನಿಲ್ಲದೆ ಮಕ್ಕಳನ್ನು ಸಾಕುವುದು ಹೇಗೆ ಎಂದು ಅವಳು ಚಿಂತೆಯಲ್ಲಿದ್ದಾಗ ಪಕ್ಕದ ಮನೆಯ ಕನ್ನಿಯಮ್ಮ ನೆರವಿಗೆ ಬಂದರು. ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಅವರು ಹೇಳಿಕೊಟ್ಟದ್ದು ಇಷ್ಟು: ಈ ಊರಿನ ಗುಮ್ಮಂದಿರೆಲ್ಲ ನೆಲದ ಕೆಳಗೇ ಇದ್ದಾರೆ. ಗಣಿಗೆ ಇಳಿದು ಮೇಲೆ ಬರದೇ ಉಳಿದವರು. ಅವರಿಗೆ ಬೇಸರವಾದಾಗ ಮೇಲಿನವರ ಹೆಸರು ಹಿಡಿದು ಕೂಗುತ್ತಾರೆ.

ಅಮ್ಮ ಅದನ್ನು ತನ್ನ ಭಾಷೆಗೆ ತಂದುಕೊಂಡು ಕಾನೂನು ಮಾಡಿದಳು. "ಕೂಗಿದ್ ತಕ್ಷಣ ಓ ಅಂತ ಓಡ್ಬ್ಯಾಡ್ರಿ. ಕೆಳಗಿರೋರು ಒಂದ್ ಕಿತ ಕೂಗ್ತಾರೆ, ತಪ್ಪಿದ್ರೆ ಎಲ್ಡ್ ಕಿತ. ಮನುಸ್ರಾದ್ರೆ ಮೂರ್ ಕಿತ ಕೂಗ್ತಾರೆ. ಆಮ್ಯಾಕೆ ಓ ಅನ್ರಿ."

ಈ ಕಾನೂನಿನಿಂದ ಅಮ್ಮನಿಗೆ ಲಾಭವೇನೆಂದು ನನಗೆ ಆಮೇಲೆ ತಿಳಿಯಿತು. ಬೀದಿಯಲ್ಲಿ ಯಾರೋ ಗೆಳೆಯ ಕೂಗಿದನೆಂದು ನಾವು ಊಟ ಬಿಟ್ಟು ಎದ್ದು ಓಡುತ್ತಿರಲಿಲ್ಲ. ಎಣಿಸುತ್ತ ಕೂರುತ್ತಿದ್ದೆವು. ಎಣಿಸುವ ಮಕ್ಕಳು ಗಲಾಟೆ ಮಾಡುವುದಿಲ್ಲ. ದೇವರ ವಿಷಯವೂ ಹೀಗೇ ಇರಬಹುದು. ಭಕ್ತರು ಮೊರೆಯಿಟ್ಟ ಕಥೆಗಳಲ್ಲಿ ಮೊದಲ ಕೂಗಿಗೇ ಓಡಿಬಂದ ದೇವರು ಬಹಳ ಕಡಿಮೆ. ಅವನ ತಾಯಿಯೂ ಏನೋ ಹೇಳಿಕೊಟ್ಟಿರಬೇಕು.

ನೀವು ನಗಬಹುದು. ಆದರೆ ಉರಿಗಾಂನಲ್ಲಿ ಕೂತು ನಗುವುದು ಕಷ್ಟವಿತ್ತು. ಕೆಳಗೆ ಎಲ್ಲೋ ಬಂಡೆ ಸಿಡಿದಾಗ ನಮ್ಮ ನೆಲ ಒಮ್ಮೆ ಗುಡುಗಿ ನಡುಗುತ್ತಿತ್ತು. ಗೂಡಿನಲ್ಲಿಟ್ಟ ತಟ್ಟೆ ಲೋಟಗಳೆಲ್ಲ ತಾವಾಗಿ ಮಾತಾಡುತ್ತಿದ್ದವು. ಲೈನಿನ ಹೆಂಗಸರೆಲ್ಲ ಬಾಗಿಲಿಗೆ ಬಂದು ಒಬ್ಬರನ್ನೊಬ್ಬರು ನೋಡುತ್ತ ನಿಲ್ಲುತ್ತಿದ್ದರು. ಕೆಳಗೆ ಯಾರೋ ಇದ್ದಾರೆ ಎನ್ನುವುದಕ್ಕೆ ನಮಗೆ ಬೇರೆ ಸಾಕ್ಷಿ ಬೇಕಿರಲಿಲ್ಲ, ಅಪ್ಪನೇ ಇದ್ದರಲ್ಲ.

ಇನ್ನು ಸ್ಕೂಲು. ಅಲ್ಲಿ ವಿಶಾಲಾಕ್ಷಿ ಮಿಸ್ಸಿನ ಕಾನೂನು. ಮೈಸೂರು ಕಡೆಯಿಂದ ಬಂದ ಈ ಮಿಸ್ಸು ಯಾರನ್ನೂ ಹೊಡೆಯುತ್ತಿರಲಿಲ್ಲ, ಸ್ಕೇಲನ್ನು ಮೇಜಿನ ಮೇಲೆ ಮಲಗಿಸಿ ಅದನ್ನೇ ನೋಡುತ್ತಿದ್ದರು, ಅಷ್ಟೇ. ನಮಗೆ ಬೆವರು ಕಿತ್ತುಬರುತ್ತಿತ್ತು. ಹಾಜರಿಯಲ್ಲಿ ಹೆಸರು ಕೂಗಿದ ಕೂಡಲೇ "ಹಾಜರ್ ಮಿಸ್" ಅನ್ನಬೇಕು. ಅನ್ನದಿದ್ದವರು ಆ ದಿನ ಬಂದಿಲ್ಲ. ಬಂದು ಎದುರಿಗೇ ಕೂತಿದ್ದರೂ ಬಂದಿಲ್ಲ.

ನನಗೇನೂ ತೊಂದರೆಯಾಗಲಿಲ್ಲ. ಮನೆಯಲ್ಲಿ ಮೂರು, ಸ್ಕೂಲಿನಲ್ಲಿ ಒಂದು ಎಂದು ಹೊಂದಿಸಿಕೊಂಡೆ. ಮುಂದೆ ಸರ್ಕಾರಿ ನೌಕರಿಗೆ ಬೇಕಾದ ಗುಣವೆಲ್ಲ ನನ್ನಲ್ಲಿ ಆಗಲೇ ಮೊಳೆತಿತ್ತು. ಕಷ್ಟವಾದದ್ದು ನನ್ನ ತಂಗಿ ಗಿರಿಜೆಗೆ. ನಾನು ನಾಲ್ಕನೇ ಕ್ಲಾಸು, ಅವಳು ಎರಡನೆಯದು, ಎರಡಕ್ಕೂ ಒಂದೇ ಕೋಣೆ, ಒಬ್ಬರೇ ಮಿಸ್ಸು. ಅವಳು ಮಹಾ ಪ್ರಾಮಾಣಿಕ ಹುಡುಗಿ. ಗಣಿಯ ಸುರಂಗ ಸ್ಕೂಲಿನ ಕೆಳಗೂ ಹಾದುಹೋಗುತ್ತದೆ, ಹಾಗಾದರೆ ಕೆಳಗಿರುವವರು ಇಲ್ಲಿಂದಲೂ ಕೂಗಬಹುದು ಎನ್ನುವುದು ಅವಳ ವಾದ. ಅದರಲ್ಲಿ ತಪ್ಪು ಹುಡುಕಲು ನನಗೆ ಇಂದಿಗೂ ಆಗಿಲ್ಲ. ಮಿಸ್ಸು "ಗಿರಿಜಾ" ಎನ್ನುತ್ತಿದ್ದರು. ಗಿರಿಜೆ ಕೈ ಕಟ್ಟಿ, ಬಾಯಿ ಬಿಗಿದು, ಉಳಿದ ಎರಡು ಕೂಗಿಗೆ ಕಾಯುತ್ತಿದ್ದಳು.

ಅಮ್ಮನನ್ನು ಸ್ಕೂಲಿಗೆ ಕರೆಸಿದರು. "ನಿಮ್ಮ ಮಗಳು ದಿನಾ ಬಂದೂ ಬರ್ತಿಲ್ಲಮ್ಮ" ಎಂದರು ಮಿಸ್ಸು.

"ಅವ್ಳು ಏಳಿದ್ದು ಕೇಳೋ ಮಗ ಮಿಸ್ಸಮ್ಮ. ನೀವೇ ಇನ್ನೆಲ್ಡ್ ಕಿತ ಕೂಗ್ಬಾರ್ದಾ?"

"ಹೀಗೆ ಎಲ್ಲ ಮಕ್ಕಳನ್ನೂ ಮೂರು ಮೂರು ಸಲ ಕೂಗ್ತಾ ಕೂತ್ರೆ ನಾನು ಪಾಠ ಯಾವಾಗ ಮಾಡ್ಲಿ?"

"ಅದ್ ನನ್ಗೇನ್ ಗೊತ್ತು? ಮಕ್ಳು ಉಳೀಬೇಕಲ್ಲ" ಎಂದು ಅಮ್ಮ ಸೆರಗು ಸರಿಮಾಡಿಕೊಂಡು ಹೊರಟುಹೋದಳು. ಮನೆಯೂ ಸ್ಕೂಲೂ ಸೇರಿ ಮಗುವನ್ನು ತಿದ್ದಬೇಕು ಎನ್ನುತ್ತಾರಲ್ಲ, ಅವು ಸೇರಿದ್ದು ಹೀಗೆ.

ಬುದ್ಧಿವಾದಕ್ಕೆ ಬಗ್ಗದ ಮಗುವನ್ನು ಬಗ್ಗಿಸಲು ಓದಿದವರಿಗೂ ಕೊನೆಗೆ ಗುಮ್ಮನೇ ಗತಿ. ಆ ಸಂಜೆ ಮಿಸ್ಸು ಗಿರಿಜೆಯನ್ನು ಮೇಜಿನ ಹತ್ತಿರ ಕರೆದು ಮೆಲ್ಲಗೆ ಹೇಳಿದರು. "ಕರೆದಾಗ ಓಗೊಡದೇ ಇದ್ರೆ ಏನಾಗುತ್ತೆ ಗೊತ್ತಾ? ನಿನ್ನ ಹೆಸರು ಖಾಲಿ ಬಿದ್ದಿದೆ ಅಂತ ಬೇರೆ ಯಾರೋ ಬಂದು ಅದನ್ನ ಎತ್ಕೊಂಡು ಹೋಗ್ತಾರೆ. ಆಮೇಲೆ ನಿಮ್ಮಮ್ಮ ಗಿರಿಜಾ ಅಂದ್ರೆ ಅವರು ಓ ಅಂತಾರೆ."

ಮರುದಿನ ಬೆಳಗ್ಗೆ ಹಾಜರಿ. ಮಿಸ್ಸು ತಲೆ ಬಗ್ಗಿಸಿಕೊಂಡು ಹೆಸರುಗಳನ್ನು ಕೂಗುತ್ತಿದ್ದರು. "ಗಿರಿಜಾ."

"ಹಾಜರ್ ಮಿಸ್."

ಮಿಸ್ಸು ಗುರುತು ಹಾಕಿ, ಸಂತೋಷದಿಂದ ತಲೆಯೆತ್ತಿದರು. ಗಿರಿಜೆ ಮುಂದಿನ ಸಾಲಿನಲ್ಲಿ ಬಾಯಿ ಬಿಗಿದೇ ಕೂತಿದ್ದಳು. ಅವಳ ಮುಖ ಸುಣ್ಣದಷ್ಟು ಬೆಳ್ಳಗಾಗಿತ್ತು. ದನಿ ಬಂದದ್ದು ಕೋಣೆಯ ಹಿಂದಿನ ಮೂಲೆಯಿಂದ, ಉಪ್ಪಿಟ್ಟಿನ ರವೆಯ ಮೂಟೆಗಳನ್ನು ಪೇರಿಸಿಟ್ಟಿದ್ದ ಕಡೆಯಿಂದ. ಅಲ್ಲಿ ಯಾರೂ ಕೂರುತ್ತಿರಲಿಲ್ಲ. ಆ ಮೂಟೆಗಳಿಗೆ ಅತಿ ಹತ್ತಿರ ಇದ್ದವನು ನಾನೇ. ಹುಡುಗಿಯ ದನಿ, ಸ್ವಲ್ಪ ಶೀತವಾದಂಥದ್ದು. ಮಿಸ್ಸು ಎದ್ದು ಬಂದು ಮೂಟೆಗಳ ಹಿಂದೆ ನೋಡಿದರು. ಯಾರದು, ಯಾರದು ಎಂದು ಗದರಿದರು. ಯಾರೂ ಒಪ್ಪಿಕೊಳ್ಳಲಿಲ್ಲ. ಉಳಿದ ಹೆಸರುಗಳನ್ನು ಕೂಗದೆಯೇ ಹಾಜರಿ ಪುಸ್ತಕ ಮುಚ್ಚಿಬಿಟ್ಟರು.

ಮಧ್ಯಾಹ್ನ ಉಪ್ಪಿಟ್ಟಿನ ಹೊತ್ತಿಗೆ ಗಿರಿಜೆ ನನ್ನ ಹತ್ತಿರ ಬಂದು, "ನನ್ನೆಸ್ರು ಈಸ್ಕೊಂಡ್ ಬತ್ತೀನಿ ಕಣಣ್ಣ" ಎಂದಳು. ಯಾರೋ ಗೆಳತಿಯ ಜೊತೆ ಜಗಳಕ್ಕೆ ಹೊರಟಿದ್ದಾಳೆ ಎಂದುಕೊಂಡು ನಾನು ಹೂಂ ಎಂದೆ. ಊಟದ ಹೊತ್ತು ಮುಗಿದ ಬೆಲ್ಲಾಯಿತು, ಅವಳ ಜಾಗ ಖಾಲಿ. ಆಗ ನನಗೆ ಹೊಳೆಯಿತು. ಎದ್ದು ನಿಂತು, "ಮಿಸ್, ಅವಳು ಕೆಳಗಿರೋರ ಹತ್ರ ಹೋಗಿದಾಳೆ" ಎಂದೆ. ಮಿಸ್ಸು ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದರು, ದಾರಿ ತೋರಿಸುತ್ತ ನಾನೂ ಓಡಿದೆ.

ಕೆಳಗಿನವರಿಗೆ ಬಾಗಿಲು ಎಂದು ಮಕ್ಕಳಾದ ನಮಗೆ ಗೊತ್ತಿದ್ದದ್ದು ಒಂದೇ: ಪಕ್ಕದ ಕೋರಮಂಡಲ್ ಗಣಿಕೇರಿಯ ಕಡೆಗೆ ಹೋಗುವ ದಾರಿಯಲ್ಲಿ, ಬಹಳ ಕಾಲದಿಂದ ಬಿಟ್ಟುಹೋಗಿದ್ದ ಹಳೆಯ ಶಾಫ್ಟು. ಗಣಿಗೆ ಇಳಿಯಲು ಬಿಳಿಯರ ಕಾಲದಲ್ಲಿ ತೋಡಿದ ಆಳವಾದ ಗುಂಡಿ, ಸುತ್ತ ಒಂದು ಮೋಟುಗೋಡೆ. ನಮ್ಮ ಲೈನಿನ ಮುಂದೆ ನಾವು ಓಡುವುದನ್ನು ಕಂಡು ಅಮ್ಮನೂ ಜೊತೆ ಸೇರಿದಳು. ಹೋಗಿ ನೋಡಿದರೆ ಗಿರಿಜೆ ಆ ಗೋಡೆಯ ಮೇಲೆ ಕೂತಿದ್ದಾಳೆ, ಕಾಲು ಎರಡೂ ಒಳಗೆ. ಬಗ್ಗಿ ಆ ಕತ್ತಲಿಗೆ ಹೇಳುತ್ತಿದ್ದಾಳೆ: "ನನ್ನೆಸ್ರು ಕೊಟ್ಬುಡು. ನಮ್ಮಮ್ಮ ಬಯ್ತಾಳೆ. ಕೊಟ್ಬುಡು."

"ಗಿರಿಜಾ!" ಎಂದು ಅಮ್ಮ ಕಿರುಚಿದಳು.

ಗುಂಡಿಯೊಳಗಿಂದ "ಗಿರಿಜಾ" ಎಂದು ಬಂತು. ಅಮ್ಮನ ದನಿಯೇ, ಆದರೆ ಒದ್ದೆಯಾಗಿ, ನಿಧಾನವಾಗಿ. ಗಿರಿಜೆ ನಮ್ಮ ಕಡೆ ತಿರುಗಲಿಲ್ಲ. ಆ ದನಿ ಬಂದ ಕಡೆಗೇ ಇನ್ನಷ್ಟು ಬಗ್ಗಿದಳು. ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಅಲ್ಲೇ ಕುಸಿದಳು. ಕೂಗಿದರೆ ಮಗು ಒಳಗೆ ಬೀಳುತ್ತದೆ, ಓಡಿದರೆ ಬೆಚ್ಚುತ್ತದೆ.

ಮಿಸ್ಸು ಮೆಲ್ಲಗೆ, ಪಾಠ ಓದುವ ದನಿಯಲ್ಲಿ ಶುರುಮಾಡಿದರು. "ನಿನ್ನ ಹೆಸರು ಯಾರೂ ತಗೊಂಡಿಲ್ಲ ಮಗು. ಬೆಳಗ್ಗೆ ಹಾಜರ್ ಮಿಸ್ ಅಂದಿದ್ದು ನಾನೇ. ಬಾಯಿಗೆ ಸೆರಗು ಅಡ್ಡ ಇಟ್ಕೊಂಡು, ದನಿ ಬದಲಾಯಿಸಿ ಅಂದೆ. ನಿನ್ನ ಹೆದರಿಸೋಣ ಅಂತ. ನಾನು ಕೆಟ್ಟವಳು." ಹೇಳುತ್ತ ಹೇಳುತ್ತ ಒಂದೊಂದೇ ಹೆಜ್ಜೆ ಮುಂದೆ ಹೋಗುತ್ತಿದ್ದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಅಮ್ಮನೂ ಸೆರಗು ತೆಗೆದು ಪಿಸುಗುಟ್ಟಿದಳು: "ನಂದೂ ಸುಳ್ಳು ಕಣೇ ನನ್ನವ್ವ. ಕೆಳಗೆ ಯಾರೂ ಇಲ್ಲ. ನಿಮ್ಮಪ್ಪ ಒಬ್ರೇ ಇರಾದು."

ಗಿರಿಜೆ ತಿರುಗಿ ನೋಡಿದಳು. ಮಿಸ್ಸು ಎರಡೂ ಕೈಯಲ್ಲಿ ಅವಳನ್ನು ಬಾಚಿಕೊಂಡು ಮಣ್ಣಿನ ಮೇಲೆ ಬಿದ್ದರು. ಮೂವರು ಹೆಂಗಸರೂ, ಗಿರಿಜೆಯನ್ನೂ ಸೇರಿಸಿ ಹೇಳುತ್ತಿದ್ದೇನೆ, ಗೋಳೋ ಎಂದು ಅತ್ತರು. ಅವರ ಅಳು ಗುಂಡಿಯೊಳಗಿಂದಲೂ ಕೇಳುತ್ತಿತ್ತು.

ಮಿಸ್ಸು ಹೇಳಿದ್ದು ಸುಳ್ಳೆಂದು ನನಗೆ ಗೊತ್ತಿತ್ತು. ಅವರು ಮೇಜಿನ ಬಳಿ ಇದ್ದರು, ದನಿ ನನ್ನ ಬೆನ್ನ ಹಿಂದೆ ಇತ್ತು. ಒಂದು ಸುಳ್ಳಿನಿಂದ ಕೆಟ್ಟದ್ದನ್ನು ಇನ್ನೊಂದು ಸುಳ್ಳಿನಿಂದ ಸರಿಮಾಡಿದರು. ದೊಡ್ಡವರು ಮಕ್ಕಳನ್ನು ಬೆಳೆಸುವುದೇ ಬಹುಮಟ್ಟಿಗೆ ಹೀಗೆ ಎಂದು ನಾನೂ ತಂದೆಯಾದ ಮೇಲೆ ಅರಿತಿದ್ದೇನೆ. ಸಂಜೆ ಶಿಫ್ಟು ಮುಗಿಸಿ ಬಂದ ಅಪ್ಪನಿಗೆ ಎಲ್ಲ ಹೇಳಿದೆವು. ಅಪ್ಪ ಬಯ್ಯಲಿಲ್ಲ. ಮುದ್ದೆ ಮುರಿಯುತ್ತ, "ದನಿ ಗಂಡೋ ಎಣ್ಣೋ?" ಎಂದು ಮಾತ್ರ ಕೇಳಿದರು. ಹುಡುಗಿಯ ದನಿ ಎಂದೆ. "ಊಂ" ಎಂದು ಊಟ ಮುಂದುವರಿಸಿದರು. ಅವರಿಗೆ ಅದು ಹೊಸ ಸುದ್ದಿಯಂತೆ ಕಾಣಲಿಲ್ಲ. ಅಮ್ಮನಂತೂ ಎರಡೇ ದಿನದಲ್ಲಿ ಹಳೆಯ ಕಾನೂನನ್ನೇ ಜಾರಿಗೆ ತಂದಳು. "ಸುಳ್ಳು ಅಂದ್ಯಲ್ಲಮ್ಮ?" ಎಂದು ಗಿರಿಜೆ ಕೇಳಿದರೆ, "ಅದು ನಿನ್ನ ಗ್ವಾಡೆಯಿಂದ ಇಳ್ಸಾಕೆ ಏಳಿದ್ದು" ಎಂದಳು. ವಿಶಾಲಾಕ್ಷಿ ಮಿಸ್ಸು ಮಾತ್ರ ಅಂದಿನಿಂದ ಗಿರಿಜೆಯ ಹೆಸರನ್ನು ಮೂರು ಸಲ ಕೂಗತೊಡಗಿದರು, ಮೈಸೂರಿಗೆ ವರ್ಗವಾಗುವವರೆಗೂ.

ಗಿರಿಜೆಯೂ ಮುಂದೆ ಮಿಸ್ಸಾದಳು. ತೊಂಬತ್ತರ ದಶಕದಲ್ಲಿ ಒಮ್ಮೆ ಅವಳನ್ನು ನೋಡಲು ಬಂಗಾರಪೇಟೆಗೆ ಹೋದವನು ಸೀದಾ ಅವಳ ಸ್ಕೂಲಿಗೇ ಹೋದೆ. ಹಾಜರಿ ನಡೆಯುತ್ತಿತ್ತು. ಹೆಸರು ಕೂಗುತ್ತಾಳೆ, ತಲೆಯೆತ್ತಿ ಆ ಮಗುವಿನ ಮುಖ ನೋಡುತ್ತಾಳೆ, ಆಮೇಲೆ ಬರೆದುಕೊಳ್ಳುತ್ತಾಳೆ. ಮಕ್ಕಳು ಓ ಅಂದರೂ ಸರಿ, ಅನ್ನದಿದ್ದರೂ ಸರಿ. ಬಹಳ ಹೊತ್ತು ಹಿಡಿಯಿತು. ಹೊರಗೆ ಬಂದಾಗ, ಇದೇನೇ ಇಷ್ಟು ನಿಧಾನ ಎಂದು ರೇಗಿಸಿದೆ.

"ದನಿ ಯಾರ್ದಾದ್ರೂ ಬರುತ್ತೆ ಕಣಣ್ಣ. ಮುಖ ನೋಡ್ಬೇಕು" ಎಂದಳು.

"ಮುಖ ಇಲ್ದೇ ಬರೀ ದನಿ ಬಂದ್ರೆ?" ತಮಾಷೆಗೆಂದೇ ಕೇಳಿದ್ದು.

ಗಿರಿಜೆ ನಗಲಿಲ್ಲ. ಕೈಗಂಟಿದ ಸೀಮೆಸುಣ್ಣವನ್ನು ಒರೆಸಿಕೊಳ್ಳುತ್ತ ಹೇಳಿದಳು. "ಒಂದೊಂದ್ ದಿನ ಬರುತ್ತೆ. ಏನ್ ಮಾಡೋದು, ಅದೂ ಯಾರೋ ಹೆತ್ತ ಮಗುವೇ ಅಲ್ವಾ? ಹೆದರ್ಬೇಡ, ಕೂತ್ಕೋ ಮರಿ ಅಂತೀನಿ."