ಅಳತೆಗೆ ಮುಂಚಿನ ಕೊಸರು

ಪುಕ್ಕಟೆ ಸಿಕ್ಕ ಐನೂರು ರೂಪಾಯಿಯ ಗಿಫ್ಟ್ ಕಾರ್ಡಿಗೆ ನಾನು ತೆತ್ತದ್ದು ಸಾವಿರದ ಎಂಟುನೂರು ರೂಪಾಯಿ. ಗೋಕಾಕದಿಂದ ಹುಕ್ಕೇರಿಗೆ ಹೋಗಿಬಂದ ಪೆಟ್ರೋಲು ಬೇರೆ. ಬದನೆಕಾಯಿ ಕೊಂಡರೂ ಮೇಲೊಂದು ಹಿಡಿ ಕೊತ್ತಂಬರಿ ಕೊಸರಾಗಿ ಬೀಳುವ ತನಕ ಚೀಲದ ಬಾಯಿ ಮುಚ್ಚದ ನನ್ನಂಥವನಿಗೆ ಇದಕ್ಕಿಂತ ಮಾನಭಂಗ ಉಂಟೆ? ಕಾರಣವನ್ನು ಹೇಳಿಯೇಬಿಡುತ್ತೇನೆ, ನಿಮಗಾದರೂ ಉಪಯೋಗವಾಗಲಿ.

ಮೂಡಲಗಿಯಲ್ಲಿರುವ ತಂಗಿಯ ಮಗಳು ಶಿಲ್ಪಾ ಮದುವೆಯಾದ ಏಳು ವರ್ಷಕ್ಕೆ ಬಸುರಾಗಿದ್ದಳು. ಅವಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಸೋದರಮಾವನಾದ ನಾನು ಹಸಿರು ಸೀರೆ ಒಯ್ಯಬೇಕು. ಸಾವಿರದ ಐನೂರರೊಳಗೆ ಮುಗಿಸುವ ಸಂಕಲ್ಪ ನನ್ನದು. ಅಷ್ಟರಲ್ಲಿ ಫೋನಿನೊಳಗಿನ ಅಂಗಡಿಯೊಂದು, ಹೆಸರು ನೋಂದಾಯಿಸಿದರೆ ಐನೂರರ ಕಾರ್ಡು ಕೊಡುವೆನೆಂದು ಕರೆಯಿತು. ನೋಂದಾಯಿಸಿದೆ. ಎರಡು ಸಾವಿರದ ಮೇಲಿನ ಖರೀದಿಗೆ ಮಾತ್ರ ಆ ಕಾರ್ಡು ನಡೆಯುತ್ತದೆಂಬುದು ಆಮೇಲೆ ತಿಳಿಯಿತು. ಕೈಗೆ ಬಂದ ಐನೂರನ್ನು ಬಿಡಲು ಮನಸ್ಸಾಗದೆ ಎರಡು ಸಾವಿರದ ಮುನ್ನೂರರ ಸೀರೆಗೆ ಬೆರಳೊತ್ತಿದೆ. ಇನ್ನೂರು ಇಳಿಸಿರೆಂದು ಆ ಅಂಗಡಿಗೆ ಮೂರು ಸಲ ಬರೆದೆ; ಮೂರು ಸಲವೂ ನನಗೆ ಶುಭದಿನ ಹಾರೈಸಿತು.

ಕುಬಸದ ಹಿಂದಿನ ದಿನ, ಅರಿಸಿನ ಕುಂಕುಮ ಹಚ್ಚಲೆಂದು ಹೆಂಡತಿ ಪೊಟ್ಟಣ ಬಿಚ್ಚಿದಳು.

“ರೀ, ಇಲ್ಲಿ ಬರ್ರಿ. ದಡಿ ನೋಡ್ರಿ, ಕರೀದೈತಿ! ಕುಬಸಕ್ಕ ಕರಿ ದಡಿ ಸೀರಿ ಒಯ್ತಾರೇನ್ರಿ?”

“ಫೋನಿನ್ಯಾಗ ದಟ್ಟ ಹಸರ ಕಂಡಿತ್ತು...”

“ನಿಮ್ಮ ತಂಗಿ ಏಳ ವರ್ಷ ಕಂಡ ಕಂಡ ದೇವರಿಗೆ ಹರಕಿ ಹೊತ್ತಾಳ. ಇದನ್ನ ನೋಡಿದ್ರ ಎದಿ ಒಡಕೊಳ್ತಾಳ. ಐನೂರು ಉಳಿಸಾಕ ಹೋಗಿದ್ರಿ, ಭಾಳ ಶಾಣ್ಯಾರು!”

ಬದಲಿ ಸೀರೆ ಬರಲು ಒಂದು ವಾರ ಬೇಕು. ಉಳಿದದ್ದು ಹುಕ್ಕೇರಿಯ ಬಟ್ಟೆ ಅಂಗಡಿಯ ಮಲ್ಲಪ್ಪ. ಗೋಕಾಕದಲ್ಲಿ ಅಂಗಡಿಗಳಿಲ್ಲವೆಂದಲ್ಲ, ಆದರೆ ಇಲ್ಲಿಯವರು ದೂರದಲ್ಲಿ ನನ್ನನ್ನು ಕಂಡೊಡನೆ ಬೆಲೆಯನ್ನು ನೂರು ಏರಿಸಿಟ್ಟುಕೊಳ್ಳುತ್ತಾರೆ. ತೊಡಕೇನೆಂದರೆ, ಹಿಂದಿನ ವಾರವಷ್ಟೇ ಮಲ್ಲಪ್ಪನಿಗೆ ಫೋನು ಮಾಡಿ ಕಾರ್ಡಿನ ಬಗ್ಗೆ ಜಂಬ ಕೊಚ್ಚಿದ್ದೆ.

“ಬರ್ರಿ ಕಾಕಾ! ಫೋನಿನ್ಯಾಗಿನ ಅಂಗಡಿ ಬಂದ್ ಆತೇನ್ರಿ?”

ಕರಿ ದಡಿಯ ಕಥೆ ಹೇಳಿದೆ. ಸಂಗತಿ ಕೇಳಿದ್ದೇ ಅವನು ನಗುವುದನ್ನು ಬಿಟ್ಟು, ನಾಲ್ಕು ಸೀರೆಗಳನ್ನು ಹೊರಗಿನ ಬಿಸಿಲಿಗೆ ತಂದು ಬಿಡಿಸಿ ಹಿಡಿದ. ಕೆಂಪು ದಡಿಯದು ಒಪ್ಪಿತು. ಹದಿನಾರು ನೂರು ಎಂದ. ಮರುಮಾತಿಲ್ಲದೆ ಎಣಿಸಿಕೊಟ್ಟೆ.

“ಕಾಕಾ, ಆರಾಮ ಅದೀರಿಲ್ಲೋ? ನೂರಾದ್ರೂ ಕಮ್ಮಿ ಕೇಳ್ರಿ, ನನಗ ಹ್ಯಾಂಗೋ ಆಗಾಕತ್ತೈತಿ.”

ತಾನೇ ನೂರು ಮರಳಿಸಿ, ಸೀರೆಯ ಮೇಲೊಂದು ರವಿಕೆಯ ಖಣ ಇಟ್ಟ. “ಇದು ಹುಡುಗಿಗೆ, ನನ್ನ ಕಡಿಂದ.”

ಮರಳುವ ದಾರಿಯಲ್ಲಿ ಯೋಚಿಸಿದೆ: ಕಂಪನಿಗಳಿಗೆ ಕಾರ್ಡು ಹಂಚುವ ಈ ಧಾರಾಳತನ ಎಲ್ಲಿಂದ ಬಂತು? ನಗು ಬಂತು, ಏಕೆಂದರೆ ಉತ್ತರ ನನ್ನ ಅಂಗಡಿಯಲ್ಲೇ ಇತ್ತು. ಮೋಟಾರು ರಿಪೇರಿ ಶುರುಮಾಡಿದ ಹೊಸತರಲ್ಲಿ ಘೋಡಗೇರಿಯ ರೈತರ ಹೊಲಗಳಿಗೆ ಹೋಗಿ, ಪಂಪಿಗೆ ಪುಕ್ಕಟೆ ಗ್ರೀಸು ಹಚ್ಚಿ, ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಬಣ್ಣದಲ್ಲಿ ನನ್ನ ಫೋನ್ ನಂಬರು ಬರೆದು ಬರುತ್ತಿದ್ದೆ. ಮೋಟಾರು ಸುಟ್ಟ ದಿನ ಅವರ ಕಣ್ಣಿಗೆ ಬೀಳುತ್ತಿದ್ದದ್ದು ಆ ನಂಬರೊಂದೇ! ಕಂಪನಿಯೂ ಐನೂರರ ಗ್ರೀಸು ಹಚ್ಚಿ ನನ್ನ ನಂಬರು, ವಿಳಾಸ, ರೂಢಿ ಮೂರನ್ನೂ ಬರೆದುಕೊಂಡಿತು. ಮಲ್ಲಪ್ಪನ ಖಣವೂ ನಾನು ಮತ್ತೆ ಬರಲೆಂಬ ಆಸೆಯದೇ. ಆದರೆ ಕೊಸರು ಬೀಳುವುದು ಅಳತೆ ಮುಗಿದ ಮೇಲೆ. ಈ ಕಾರ್ಡು ಅಳತೆಗೆ ಮುಂಚೆಯೇ ಬಿದ್ದು, ತಕ್ಕಡಿಯನ್ನೇ ದೊಡ್ಡದು ಮಾಡಿಸಿತು.

ಮೂಡಲಗಿಯಲ್ಲಿ ತಂಗಿ ಸೀರೆಯ ದಡಿಯನ್ನು ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿ ನೋಡಿದಳು; ನನ್ನ ಉಸಿರೂ ಆ ಬೆರಳಿನ ಜೊತೆಗೇ ನಡೆಯಿತು. “ಚಲೋ ಐತಿ ಅಣ್ಣಾ” ಎಂದು ಮಗಳ ಉಡಿಗೆ ಹಾಕಿದಳು.

ಕರಿ ದಡಿಯ ಸೀರೆಯನ್ನು ಮರಳಿಸಿದೆ. ಸಾವಿರದ ಎಂಟುನೂರು ವಾಪಸ್ಸು ಬಂತು, ಇನ್ನೊಂದು ಗಿಫ್ಟ್ ಕಾರ್ಡಾಗಿ. ಅದನ್ನು ಖರ್ಚು ಮಾಡುವ ಮುನ್ನ ನಾನು ಪಾಲಿಸಲಿರುವುದನ್ನೇ ನಿಮಗೂ ಹೇಳುತ್ತೇನೆ: ಕಾರ್ಡು ಕೊಟ್ಟರೆ ತೆಗೆದುಕೊಳ್ಳಿ, ಸಂಕೋಚ ಬೇಡ. ಬೇಕಾದ ವಸ್ತು, ಕೊಡಬಲ್ಲ ಬೆಲೆ ಎರಡನ್ನೂ ಮೊದಲು ಚೀಟಿಯಲ್ಲಿ ಬರೆದಿಟ್ಟು, ಆಮೇಲೆ ಫೋನು ತೆರೆಯಿರಿ. ಪೊಟ್ಟಣವನ್ನು ಬಂದ ದಿನವೇ ಬಿಚ್ಚಿ. ಕುಬಸದ ಸೀರೆಯನ್ನು ಮಾತ್ರ ಬಿಸಿಲಿಗೆ ಹಿಡಿದು ತೋರಿಸುವವರ ಹತ್ತಿರವೇ ಕೊಳ್ಳಿ. ನೂರು ಕಡಿಮೆ ಕೇಳುವುದನ್ನು ಮರೆಯಬೇಡಿ, ಅವರಿಗೆ ಗಾಬರಿಯಾದೀತು.